ಕೊಲ್ಲಿಯಲ್ಲಿರುವ ಮಧ್ಯಾಹ್ನದ ವಿರಾಮ ಕೋಡಿಯಲ್ಲಿ ಏಕಿಲ್ಲ?

ಕುಂದಾಪುರದ ಕೋಡಿ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿ ನದಿ ಇರುವ ಮರಳಿನ ನೆಲ. ಬಲೆ ದುರಸ್ತಿ, ಮೀನು ಒಣಗಿಸುವುದು, ಮನೆ ಕಟ್ಟುವ ಕೂಲಿ ಕೆಲಸ ಎಲ್ಲವೂ ಇಲ್ಲಿ ನಡೆಯುವುದು ಬಯಲಿನಲ್ಲಿ. ಈ ತೀರದ ಅನೇಕ ಮನೆಗಳವರು ಕೊಲ್ಲಿ ದೇಶಗಳಲ್ಲೂ ದುಡಿಯುತ್ತಾರೆ. ಅಲ್ಲಿ ಬೇಸಿಗೆಯ ಮಧ್ಯಾಹ್ನ ಬಿಸಿಲಿನ ಕೆಲಸ ನಿಲ್ಲಿಸಬೇಕೆಂಬ ನಿಯಮವಿದೆ. ಊರಿನಲ್ಲೇ ಉಳಿದು ಬಿಸಿಲಲ್ಲಿ ದುಡಿಯುವವರಿಗೆ ಅಂತಹ ರಕ್ಷಣೆ ಇಲ್ಲ. ಈ ವ್ಯತ್ಯಾಸ ಏಕೆ ಎಂದು ನಾವು ಕೇಳಬೇಕಾಗಿದೆ.

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ತಪ್ಪಿದರೆ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ ಮಾಲೀಕನಿಗೆ 5,000 ದಿರ್ಹಂ ದಂಡ. ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ನಿಷೇಧವಿದೆ. ಗಡಿಯಾರ ನೋಡಿ ಕೆಲಸ ನಿಲ್ಲಿಸಿದರೆ ಮಾತ್ರ ಸಾಲದು ಎಂಬ ಟೀಕೆಯೂ ಇದೆ. ಸೆಕೆ ಗಂಟೆ ಕೇಳಿ ಬರುವುದಿಲ್ಲ. ಕತಾರ್ 2021ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಬಿಸಿಲು, ತೇವಾಂಶ, ಗಾಳಿ ಮೂರನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಾದರೂ ಬಯಲಿನ ಕೆಲಸ ನಿಲ್ಲಬೇಕು ಎಂದು ಅಲ್ಲಿನ ನಿಯಮ ಹೇಳುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ತಲಪಾಡಿ ದಾಟಿದರೆ ಕಾಸರಗೋಡು ಜಿಲ್ಲೆ. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಕೆಲಸದ ಸಮಯ ಬದಲಿಸಿ ಆದೇಶ ಹೊರಡಿಸುತ್ತದೆ. 2025ರಲ್ಲಿ ಫೆಬ್ರವರಿ 11ರಿಂದ ಮೇ 10ರವರೆಗೆ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ನೀಡಲಾಯಿತು. ಬೆಳಿಗ್ಗೆ 7ರಿಂದ ಸಂಜೆ 7ರೊಳಗೆ ಎಂಟು ಗಂಟೆಯ ಕೆಲಸ ಹೊಂದಿಸಿಕೊಳ್ಳಬೇಕು. ಅಂದರೆ ಮಂಜೇಶ್ವರದ ಗಾರೆ ಕೆಲಸದವನಿಗೆ ನೆರಳು ಸಿಗುವ ಹೊತ್ತಿಗೆ, ಅದೇ ಭಾಷೆ, ಅದೇ ಬಿಸಿಲು, ಅದೇ ಕೆಲಸದ ಕುಂದಾಪುರದವನು ಕಾಂಕ್ರೀಟ್ ಹೊರುತ್ತಿರುತ್ತಾನೆ.

ನಮ್ಮ ಕಾನೂನು ಏನು ಹೇಳುತ್ತದೆ?

1948ರ ಕಾರ್ಖಾನೆ ಕಾಯ್ದೆಯ 13ನೇ ಕಲಂ ಕೆಲಸದ ಕೋಣೆಯೊಳಗೆ ಸಾಕಷ್ಟು ಗಾಳಿ, ಸಹಿಸಬಹುದಾದ ಉಷ್ಣತೆ ಇರಬೇಕೆಂದು ಹೇಳಿತ್ತು. ಆ ಕಾಯ್ದೆಯ ಸ್ಥಾನದಲ್ಲಿ ಬಂದಿರುವ 2020ರ ವೃತ್ತಿ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರಲ್ಲೂ ಗಾಳಿ, ಉಷ್ಣತೆ, ತೇವಾಂಶದ ಮಾತಿದೆ. ಆದರೆ ಇಷ್ಟು ಸೆಕೆಯಾದರೆ ಕೆಲಸ ನಿಲ್ಲಿಸಬೇಕು ಎಂಬ ಅಂಕೆಯನ್ನು ಸಂಹಿತೆ ಹೇಳುವುದಿಲ್ಲ. ಜೊತೆಗೆ ಸಂಹಿತೆ ಸಾಮಾನ್ಯವಾಗಿ ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ. ಮರಳಿನ ಮೇಲೆ ಮೀನು ಒಣಗಿಸುವ ಹೆಂಗಸು, ನಾಲ್ಕು ಮಂದಿಯೊಂದಿಗೆ ಮನೆ ಕಟ್ಟುವ ಮೇಸ್ತ್ರಿ ಈ ಲೆಕ್ಕಕ್ಕೆ ಬರುವುದಿಲ್ಲ.

ರಾಜ್ಯ ಸರಕಾರಕ್ಕೆ ಬಿಸಿಲಿನ ಅರಿವು ಇಲ್ಲವೆಂದಲ್ಲ. ಕಲಬುರಗಿ ವಿಭಾಗದಲ್ಲಿ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಫ್ಯಾನಿನ ಕೆಳಗೆ ಕುಳಿತವರಿಗೆ ಸಮಯ ಬದಲಿಸಲು ಸಾಧ್ಯವಾದರೆ, ತಲೆಯ ಮೇಲೆ ಕಲ್ಲು ಹೊರುವವರಿಗೆ ಏಕೆ ಸಾಧ್ಯವಿಲ್ಲ? ಕೂಲಿಕಾರರ ಪಾಲಿಗೆ ಸಾಮಾನ್ಯವಾಗಿ ಬರುವುದು ನೀರು ಕುಡಿಯಿರಿ, ಬಿಸಿಲಿಗೆ ಹೋಗಬೇಡಿ ಎಂಬ ಸಲಹೆ. ಸಲಹೆಯನ್ನು ಮೀರಿದರೆ ದಂಡವಿಲ್ಲ.

ಕರಾವಳಿಯ ಸೆಕೆ ಬೇರೆ

ಕರಾವಳಿಯಲ್ಲಿ ಗರಿಷ್ಠ ಉಷ್ಣತೆ 37 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದಾಗ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. 2025ರ ಫೆಬ್ರವರಿ ಕೊನೆಯಲ್ಲೇ ನಮ್ಮ ಕರಾವಳಿಗೆ ಇಂತಹ ಎಚ್ಚರಿಕೆ ಬಂದಿತ್ತು. ಆದರೆ ಇಲ್ಲಿ 34 ಡಿಗ್ರಿಯೂ ಅಪಾಯವೇ ಆಗಬಹುದು. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ಒಳಗಿನ ಶಾಖ ಏರಿ ತಲೆಸುತ್ತು, ಗೊಂದಲ, ಪ್ರಜ್ಞೆ ತಪ್ಪುವುದು, ಕೊನೆಗೆ ಮರಣ. ಹೃದಯ, ಮೂತ್ರಪಿಂಡಕ್ಕೂ ಪೆಟ್ಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿಯ ಪ್ರಕಾರ ಕೆಲಸದ ಸ್ಥಳದ ಅತಿ ಉಷ್ಣತೆಯಿಂದ ಜಗತ್ತಿನಲ್ಲಿ ವರ್ಷಕ್ಕೆ 18,970 ಮಂದಿ ಸಾಯುತ್ತಾರೆ.

ವಿರಾಮ ಕೊಟ್ಟರೆ ಕೂಲಿ ಹೋಗುತ್ತದೆ ಎಂಬ ಭಯ ಕಾರ್ಮಿಕರಿಗೂ ಇದೆ. ಅದು ಸುಳ್ಳಲ್ಲ. ಕಿಲೋ ಲೆಕ್ಕದಲ್ಲಿ ದುಡಿಯುವವರಿಗೆ ಮೂರು ಗಂಟೆ ಎಂದರೆ ಸಂಜೆಯ ಅಕ್ಕಿ. ಆದ್ದರಿಂದ ಕೂಲಿ ಕಡಿತವಿಲ್ಲದೆ ಸಮಯ ಬದಲಿಸುವುದೇ ಕಾನೂನಿನ ತಿರುಳಾಗಬೇಕು. ಸಮಯ ಬದಲಿಸಿದರೂ ನಷ್ಟವಾಗುವ ಬಿಡಿ ಕೆಲಸದವರಿಗೆ ಪರಿಹಾರ ನಿಧಿ ಬೇಕು.

ಇದು ಆಗದ ಮಾತೇನಲ್ಲ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಮ್ಮ ಕರಾವಳಿಯಲ್ಲಿ ನಿಷೇಧವಿದೆ. ಮೀನಿನ ಸಂತತಿ ಉಳಿಯಲೆಂದು ಇಡೀ ತೀರ ಅದಕ್ಕೆ ತಲೆಬಾಗಿದೆ. ಮೀನಿಗಾಗಿ ಎರಡು ತಿಂಗಳು ನಿಲ್ಲಿಸಬಲ್ಲ ಸರಕಾರ ಮನುಷ್ಯನಿಗಾಗಿ ಮೂರು ಗಂಟೆ ನಿಲ್ಲಿಸಬಲ್ಲದು.

ಸಂಹಿತೆಯ ಅಡಿಯಲ್ಲಿ ನಿಯಮ ರೂಪಿಸುವ ಅಧಿಕಾರ ರಾಜ್ಯಕ್ಕೂ ಇದೆ. ನ್ಯಾಯಯುತ, ಮಾನವೀಯ ಕೆಲಸದ ಪರಿಸ್ಥಿತಿ ಒದಗಿಸಬೇಕೆಂದು ಸಂವಿಧಾನದ 42ನೇ ವಿಧಿ ನಿರ್ದೇಶಿಸುತ್ತದೆ. ದಿನಾಂಕ, ಗಂಟೆ, ತೇವಾಂಶದ ಮಿತಿ, ದಂಡ ಈ ನಾಲ್ಕೂ ಇರುವ ಆದೇಶವನ್ನು ನಮ್ಮ ಶಾಸಕರಲ್ಲಿ, ಕಾರ್ಮಿಕ ಇಲಾಖೆಯಲ್ಲಿ ಕೇಳೋಣ. ಅದು ಬರುವವರೆಗೆ ನಮ್ಮ ಮನೆ, ಶಾಲೆ, ಚರ್ಚ್ ಆವರಣದ ಕಟ್ಟಡ ಕೆಲಸದ ಕರಾರಿನಲ್ಲಿ ಒಂದು ಸಾಲು ಸೇರಿಸಲು ಯಾವ ಕಾಯ್ದೆಯೂ ಬೇಕಿಲ್ಲ: ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನ ಕೆಲಸವಿಲ್ಲ, ಕೂಲಿ ಪೂರ್ತಿ.