ಗಬ್ಬದ ಮೇಕೆಯ ಕೊನೆಯ ಆರು ವಾರ, ಮರಿಯ ಮೊದಲ ಒಂದು ಗಂಟೆ

ಬೆಳೆ ವಿಜ್ಞಾನದವನೊಬ್ಬ ಮೇಕೆ ಈಯುವ ವಿಷಯ ಬರೆಯಲು ಕುಳಿತಿರುವುದನ್ನು ಕಂಡು ಓದುಗರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ನನ್ನ ಪಶುವೈದ್ಯ ಮಿತ್ರರಿಗೆ ನಗುವೂ ಬಂದೀತು. ಹಿಂದೆ ಹೆಬ್ಬಾಳದ ಪಶುವೈದ್ಯ ಕಾಲೇಜು ಕೃಷಿ ವಿಶ್ವವಿದ್ಯಾನಿಲಯದ ಮಡಿಲಲ್ಲೇ ಇದ್ದಿತು. 2004ರಲ್ಲಿ ಬೀದರಿನಲ್ಲಿ ಪಶು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಬೆಳೆ ನಮ್ಮ ಪಾಲಿಗೂ ಜಾನುವಾರು ಅವರ ಪಾಲಿಗೂ ಬಂದವು. ಆಡಳಿತಕ್ಕೆ ಈ ಪಾಲು ಸರಿಯೇ. ಆದರೆ ಪಾವಗಡ, ಶಿರಾ, ಚಳ್ಳಕೆರೆ ಕಡೆಯ ಮಳೆಯಾಶ್ರಿತ ರೈತರ ಮನೆಯಲ್ಲಿ ಇಂತಹ ಪಾಲು ಆಗಿಲ್ಲ. ಎಕರೆಗೆ 40ರಿಂದ 50 ಕಿಲೋ ಕಡಲೆಕಾಯಿ ಬೀಜ ಬಿತ್ತಿರೆಂದು ನಾವು ಶಿಫಾರಸು ಮಾಡುತ್ತೇವೆ. ಆ ಬೀಜಕ್ಕೆ ದುಡ್ಡು ಹೊಂದಿಸಲು ಮುಂಗಾರಿಗೆ ಮುಂಚೆ ಸಂತೆಗೆ ಹೋಗುವುದು ಎರಡು ಹೋತಮರಿಗಳು. ಮರಿ ಸತ್ತ ವರ್ಷ ಬೀಜ ಸಾಲದ್ದಾಗುತ್ತದೆ, ಇಲ್ಲವೇ ಸಾಲು ತೆಳುವಾಗುತ್ತದೆ. ಹಾಗಾಗಿ ಈ ವಿಷಯ ನನ್ನದೂ ಹೌದು ಎಂದು ತಿಳಿದೇ ಬರೆಯುತ್ತಿದ್ದೇನೆ.

2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ 61 ಲಕ್ಷಕ್ಕೂ ಮಿಕ್ಕಿ ಮೇಕೆಗಳಿವೆ. ಅವುಗಳ ತಳಿ, ಸಾಲ, ಸಹಾಯಧನ, ಅಟ್ಟಣಿಗೆ ಕೊಟ್ಟಿಗೆ ಇವುಗಳ ಬಗ್ಗೆ ಸಭೆಗಳಲ್ಲಿ ಧಾರಾಳವಾಗಿ ಮಾತಾಗುತ್ತದೆ. ಹುಟ್ಟಿದ ಮರಿ ವಾರದೊಳಗೆ ಸತ್ತರೆ ಒಳ್ಳೆಯ ತಳಿಯ ಹೋತವನ್ನು ತಂದದ್ದೂ ವ್ಯರ್ಥ, ಐದು ತಿಂಗಳು ಮೇಯಿಸಿದ್ದೂ ವ್ಯರ್ಥ. ಇಷ್ಟಾದರೂ ಈಯುವ ಹೊತ್ತಿನ ಬಗ್ಗೆ ನಾವು ಹೇಳುವುದು ಬಹು ಕಡಿಮೆ.

2009ರ ಮುಂಗಾರಿನಲ್ಲಿ, ಪಿಎಚ್.ಡಿ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಾವಗಡ ತಾಲ್ಲೂಕಿನ ಒಂದು ಹಳ್ಳಿಗೆ ಕಡಲೆಕಾಯಿ ತಾಕು ನೋಡಲು ಹೋಗಿದ್ದೆ. ಬದುವಿನ ಹೊಂಗೆ ಮರದಡಿ ಒಂದು ಚೊಚ್ಚಲು ಮೇಕೆ ಮಲಗುತ್ತ, ಏಳುತ್ತ, ನೆಲ ಕೆರೆಯುತ್ತ ಅರಚುತ್ತಿತ್ತು. ನೀರಿನ ಚೀಲ ಒಡೆದು ಐದು ನಿಮಿಷವೂ ಆಗಿರಲಿಲ್ಲ. ಎರಡು ಗೊರಸುಗಳ ತುದಿ ಕಾಣಿಸಿದ್ದೇ ತಡ, ರೈತ ಅವನ್ನು ಹಿಡಿದು ಎಳೆಯಹೊರಟ. "ಎಳೆಯಿರಿ, ತಡ ಮಾಡಿದರೆ ಮರಿಗೆ ಉಸಿರು ಕಟ್ಟುತ್ತದೆ" ಎಂದು ನಾನೂ ದನಿಗೂಡಿಸಿದೆ. ಅಷ್ಟರಲ್ಲಿ ಅವನ ತಾಯಿ ಕಳೆ ಕೀಳುವುದನ್ನು ಬಿಟ್ಟು ಓಡಿ ಬಂದರು. "ಕೈ ತೆಗಿಯೋ ಅತ್ಲಾಗೆ. ನೀವೂ ಸುಮ್ಕಿರಿ ಸಾಮಿ, ನೀವು ಬೆಳೆ ನೋಡ್ಕಳಿ" ಎಂದರು.

ನಾವಿಬ್ಬರೂ ಸುಮ್ಮನಾದೆವು. ಅರ್ಧ ಗಂಟೆಯೊಳಗೆ ಮುಂಗಾಲುಗಳ ಮೇಲೆ ಮೂತಿ ಇಟ್ಟುಕೊಂಡು ಮರಿ ತಾನಾಗಿಯೇ ಜಾರಿ ಬಿತ್ತು. ಅದರ ಹಿಂದೆಯೇ ಇನ್ನೊಂದು ಸಣ್ಣ ಮರಿ. ಆ ಅಜ್ಜಿ ಮೂತಿಯ ಲೋಳೆ ಒರೆಸಿ, ಮರಿಗಳನ್ನು ತಾಯಿಯ ಬಾಯಿಗೆ ಒಡ್ಡಿದರು. ಎಲ್ಲವೂ ಪಠ್ಯಪುಸ್ತಕದಂತೆ ನಡೆಯಿತು. ಆದರೆ ಮರಿಗಳು ಕೆಚ್ಚಲಿಗೆ ಬಾಯಿ ಹಾಕಹೋದಾಗ ಅದೇ ಅಜ್ಜಿ ಅವನ್ನು ಎತ್ತಿ ಮಂಕರಿಯಲ್ಲಿಟ್ಟರು. ಮಾಸು ಬೀಳುವ ತನಕ ಹಾಲು ಕುಡಿಸಬಾರದಂತೆ. ಮಾಸು ಬಿದ್ದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಮರುದಿನ ಬೆಳಿಗ್ಗೆ ನಾನು ತಾಕಿಗೆ ಹೋದಾಗ ಸಣ್ಣ ಮರಿ ಸತ್ತಿತ್ತು. ಯಾರದೋ ಕಣ್ಣು ಬಿತ್ತು ಎಂದರು. ಹೊಸಬನಾದ ನನ್ನ ಕಣ್ಣೇ ಇರಬೇಕೆಂದು ಅವರಿಗೆ ಅನ್ನಿಸಿದ್ದರೂ ತಪ್ಪಿಲ್ಲ. ಆ ಸಾವಿಗೆ ಹಾಲು ತಡವಾದದ್ದೊಂದೇ ಕಾರಣ ಎಂದು ಹೇಳಲಾರೆ. ಆದರೆ ಅಂದು ಹಾಲು ಕುಡಿಸಿರೆಂದು ಹೇಳುವಷ್ಟು ತಿಳಿವಳಿಕೆ ನನ್ನಲ್ಲಿರಲಿಲ್ಲ. ಎಳೆಯಿರೆಂದು ಹೇಳುವಷ್ಟು ಧೈರ್ಯ ಮಾತ್ರ ಇತ್ತು.

ಈ ಒಂದು ನಂಬಿಕೆಯ ಮೇಲೆ ನಾವು ವಿಸ್ತರಣೆಯವರು ಹೆಚ್ಚು ಮಾತಾಡಬೇಕು. ಮೇಕೆಯ ಗರ್ಭದಲ್ಲಿ ಮರಿಗೆ ತಾಯಿಯ ರಕ್ತದಿಂದ ರೋಗನಿರೋಧಕ ವಸ್ತುಗಳು ದಾಟಿ ಬರುವುದಿಲ್ಲ. ಅವೆಲ್ಲ ಸಿಗುವುದು ಗಿಣ್ಣು ಹಾಲಿನಲ್ಲಿ. ಅವನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಹುಟ್ಟಿದ ಕೆಲವು ಗಂಟೆಗಳು ಮಾತ್ರ ಚೆನ್ನಾಗಿರುತ್ತದೆ. ಹೊತ್ತು ಕಳೆದಂತೆ ಕುಗ್ಗುತ್ತ ಬಂದು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಹೊಟ್ಟೆ ತುಂಬೀತು, ರಕ್ಷಣೆ ಸಿಗದು. ಆದ್ದರಿಂದ ಮೊದಲ ಒಂದು ಗಂಟೆಯೊಳಗೆ ಗಿಣ್ಣು ಕುಡಿಸಲೇಬೇಕು. ಎರಡು ಕಿಲೋ ತೂಕದ ಮರಿಗೆ ಮೊದಲ ದಿನ, ಮೂರು ನಾಲ್ಕು ಸಲವಾಗಿ, ಕನಿಷ್ಠ 200 ಮಿ.ಲೀ. ಹೋಗಬೇಕು. ಇನ್ನು ಮಾಸಿನ ಮಾತು. ಮರಿ ಚೀಪಿದಾಗ ತಾಯಿಯ ಗರ್ಭಕೋಶ ಕುಗ್ಗುತ್ತದೆ, ಮಾಸು ಬೇಗ ಬೀಳಲು ಅದರಿಂದಲೇ ಸಹಾಯ. ನಮ್ಮ ಜನ ಮಾಸಿಗಾಗಿ ಹಾಲನ್ನು ತಡೆಯುತ್ತಾರೆ. ಹಾಲು ಕುಡಿಸಿದರೆ ಮಾಸು ತಾನೇ ಬರುತ್ತದೆ ಎಂದು ತಿರುಗಿಸಿ ಹೇಳಿದಾಗ ಹಳ್ಳಿಯ ಹಿರಿಯ ಹೆಂಗಸರು ಒಪ್ಪಿದ್ದನ್ನು ನಾನು ಕಂಡಿದ್ದೇನೆ. ನಿಮ್ಮದು ಮೂಢನಂಬಿಕೆ ಎಂದು ಶುರುಮಾಡಿದರೆ ಯಾರೂ ಕಿವಿಗೊಡುವುದಿಲ್ಲ.

ಮೊಲೆಯ ತುದಿಯಲ್ಲಿ ಮೇಣದಂತಹ ಬಿರಡೆ ಕಟ್ಟಿರುತ್ತದೆ. ಕೆಚ್ಚಲನ್ನು ಉಗುರುಬೆಚ್ಚನೆಯ ನೀರಿನಿಂದ ಒರೆಸಿ, ಎರಡು ಮೂರು ಸಲ ಹಿಂಡಿ ಅದನ್ನು ತೆಗೆದ ಮೇಲೆ ಮರಿಯನ್ನು ಬಿಡಬೇಕು. ತಾಯಿ ಸತ್ತರೆ ಅಥವಾ ಹಾಲು ಇಳಿಯದಿದ್ದರೆ ಅದೇ ದಿನ ಈದ ಬೇರೆ ಮೇಕೆಯ ಗಿಣ್ಣು ಆದೀತು. ಅದೂ ಇಲ್ಲದಿದ್ದರೆ ಹಸುವಿನದು. ಬೆಚ್ಚಗೆ ಮಾಡಿ ಕುಡಿಸಿ, ಕುದಿಸಬೇಡಿ.

ಈಗ ಆರು ವಾರ ಹಿಂದಕ್ಕೆ ಹೋಗೋಣ. ಕಡಲೆಕಾಯಿಗೆ ಕಾಯಿ ಕಟ್ಟುವ ಹಂತದಲ್ಲಿ ತೇವ ತಪ್ಪಿದರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮೇಕೆಗೂ ಅಂತಹ ಹಂತವೊಂದುಂಟು. ಗಬ್ಬದ ಅವಧಿ ಸುಮಾರು 150 ದಿನ. ಮರಿಯ ಬೆಳವಣಿಗೆಯಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಆಗುವುದು ಕೊನೆಯ ಆರು ವಾರಗಳಲ್ಲಿ. ಅವಳಿ ಇದ್ದರಂತೂ ಗರ್ಭಕೋಶ ಹಿಗ್ಗಿ ಹೊಟ್ಟೆಯನ್ನು ಒತ್ತುವುದರಿಂದ ಮೇಕೆ ಹೊರೆಗಟ್ಟಲೆ ಸೊಪ್ಪು ತಿನ್ನಲಾರದು. ಇಂತಹ ಮೇಕೆಯನ್ನು ಮಂದೆಯ ಜೊತೆ ಮೈಲಿಗಟ್ಟಲೆ ಓಡಿಸಿ ಸಂಜೆ ಬರಿಹೊಟ್ಟೆಯಲ್ಲಿ ಕೂಡುವುದು ನನ್ನ ಅಭಿಪ್ರಾಯದಲ್ಲಿ ಕಾಯಿ ಕಟ್ಟುವ ಪೈರಿಗೆ ದನ ಬಿಟ್ಟ ಹಾಗೆ. ಹತ್ತಿರದಲ್ಲೇ ಮೇಯಿಸಿ. ಸಂಜೆಗೆ ಹುರುಳಿ ಹೊಟ್ಟು ಅಥವಾ ಕಡಲೆಕಾಯಿ ಬಳ್ಳಿಯ ಜೊತೆ ಮುರಿದ ಜೋಳ, ಬೂಸಾ, ಹಿಂಡಿ ಬೆರೆಸಿ ದಿನಕ್ಕೆ 200ರಿಂದ 300 ಗ್ರಾಂ ಕೊಡಿ. ಒಂದೇ ದಿನ ಪೂರ್ತಿ ಕೊಡಬಾರದು, ಒಂದು ಹಿಡಿಯಿಂದ ಶುರುಮಾಡಿ ವಾರದಲ್ಲಿ ಏರಿಸಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಶಿಲೀಂಧ್ರದ ವಿಷ ಇರುತ್ತದೆ, ಗಬ್ಬದ ಮೇಕೆಗೆ ಅದನ್ನು ಹಾಕಲೇಬೇಡಿ. ಮಂಕಾಗಿ ನಿಂತು ಮೇವು ಬಿಟ್ಟ ತುಂಬುಗಬ್ಬದ ಮೇಕೆಯನ್ನು ನಾಳೆ ನೋಡೋಣವೆಂದು ಬಿಡುವಂತಿಲ್ಲ. ಆಹಾರದ ಶಕ್ತಿ ಸಾಲದೆ ಬರುವ ಗಬ್ಬದ ನಂಜು ಬೇಗ ಪ್ರಾಣ ತೆಗೆಯುತ್ತದೆ.

ಈಯಲು ಮೂರು ನಾಲ್ಕು ವಾರ ಇರುವಾಗ ಪಶುವೈದ್ಯರನ್ನು ಕೇಳಿ ಕರುಳುಬೇನೆ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಿದರೆ ಅದರ ಫಲ ಗಿಣ್ಣಿನ ಮೂಲಕ ಮರಿಗೂ ಮುಟ್ಟುತ್ತದೆ. ಇದಕ್ಕೆಲ್ಲ ದಿನ ಗೊತ್ತಿರಬೇಕು. ಹೋತ ಮಂದೆಯಲ್ಲೇ ತಿರುಗುತ್ತಿದ್ದರೆ ದಿನ ಹೇಗೆ ತಿಳಿಯುವುದೆಂದು ಕೇಳಬಹುದು. ಹೆಂಗಸರಿಗೆ ತಿಳಿದಿರುತ್ತದೆ! ಐದು ಹುಣ್ಣಿಮೆ, ಮೇಲೆರಡು ದಿನ ಎಂದು ಎಣಿಸುವವರಿದ್ದಾರೆ. ಆ ಲೆಕ್ಕ ನಮ್ಮ 150 ದಿನಕ್ಕೆ ಸರಿಯಾಗಿಯೇ ಕೂಡುತ್ತದೆ. ಹೋತ ಹಾರಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಇನ್ನೂ ಒಳ್ಳೆಯದು.

ಈಯುವ ಜಾಗ ಒಣಗಿರಬೇಕು, ಗಾಳಿ ನೇರವಾಗಿ ಬೀಸಬಾರದು. ರೊಪ್ಪದ ಒಂದು ಮೂಲೆಯನ್ನು ಗುಡಿಸಿ, ಸುಣ್ಣ ಎರಚಿ, ಬಿಸಿಲಿಗೆ ಒಣಗಿಸಿದ ಹುಲ್ಲು ಹಾಸಿದರೆ ಸಾಕು. ಕೆಚ್ಚಲು ಬಿಗಿದು, ಬಾಲದ ಬುಡದ ಎರಡೂ ಪಕ್ಕ ಸಡಿಲವಾಗಿ ಕುಳಿ ಬಿದ್ದರೆ ಒಂದೆರಡು ದಿನದ ಮಾತು. ಲೋಳೆ ಇಳಿಬಿದ್ದ ಮೇಲೆ ದೂರದಿಂದ ನೋಡುತ್ತ ಕೂಡುವುದೇ ದೊಡ್ಡ ಸಹಾಯ.

ಹಾಗಾದರೆ ಕೈ ಹಾಕುವುದು ಯಾವಾಗ? ಜೋರಾಗಿ ತಿಣುಕಲು ಹತ್ತಿ ಅರ್ಧ ಗಂಟೆಯಾದರೂ ಮರಿ ಮುಂದೆ ಸರಿಯದಿದ್ದರೆ, ತಲೆ ಮಾತ್ರ ಬಂದು ಕಾಲು ಕಾಣದಿದ್ದರೆ, ಒಂದೇ ಕಾಲು ಅಥವಾ ಬರೀ ಬಾಲ ಕಂಡರೆ ಕಾಯಬಾರದು. ಪಶುವೈದ್ಯರನ್ನು ಕರೆಯಬೇಕು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ತಿಳಿಸಬಹುದು. ಹಿಂಗಾಲು ಎರಡೂ ಮುಂದಾಗಿ ಬರುವುದು ಅಷ್ಟು ಕೆಟ್ಟದ್ದಲ್ಲ. ಆದರೆ ಸೊಂಟ ಹೊರಬಂದ ಮೇಲೆ ಹೊಕ್ಕುಳ ಬಳ್ಳಿ ಒತ್ತಿಹೋಗುವುದರಿಂದ ಅಲ್ಲಿ ನಿಲ್ಲಲು ಬಿಡಬಾರದು. ಉಗುರು ಕತ್ತರಿಸಿ, ಕೈಯನ್ನು ಸೋಪಿನಿಂದ ತೊಳೆದು, ಎಣ್ಣೆ ಸವರಿಕೊಂಡು, ಮೇಕೆ ತಿಣುಕಿದಾಗ ಮಾತ್ರ, ಕೆಳಕ್ಕೆ ಕೆಚ್ಚಲಿನ ಕಡೆಗೆ ಮೆಲ್ಲಗೆ ಎಳೆಯಬೇಕು. ನೇತಾಡುವ ಮಾಸನ್ನು ಮಾತ್ರ ಯಾವ ಕಾರಣಕ್ಕೂ ಎಳೆಯಬಾರದು, ಅದಕ್ಕೆ ಕಲ್ಲು ಕಟ್ಟುವುದೂ ಬೇಡ. 12 ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರ ಕೆಲಸ.

ಮರಿಯ ಹೊಕ್ಕುಳಿಗೆ ಸಗಣಿಯಾಗಲಿ ಬೂದಿಯಾಗಲಿ ಮೆತ್ತಬೇಡಿ, ಧನುರ್ವಾಯು ಹೊಕ್ಕುವ ಬಾಗಿಲು ಅದು. ಟಿಂಕ್ಚರ್ ಅಯೋಡಿನ್‌ನಲ್ಲಿ ಬಳ್ಳಿಯನ್ನು ಅದ್ದಿದರೆ ಆಯಿತು. ಮರಿಗೆ ನೀರು ಹುಯ್ಯುವುದೂ ಬೇಡ, ಒಣಬಟ್ಟೆಯಿಂದ ತಿಕ್ಕಿ ತಾಯಿಗೆ ನೆಕ್ಕಲು ಬಿಡಿ. ಮಾಸನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಮೇಕೆ ದಿನ ತುಂಬದೆ ಕಂದು ಹಾಕಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಬಸುರಿ ಹೆಂಗಸರು ಹತ್ತಿರವೂ ಹೋಗಬಾರದು. ಕಂದು ರೋಗ ಮನುಷ್ಯರಿಗೂ ಅಂಟುವಂಥದು, ತಿಂಗಳುಗಟ್ಟಲೆ ಜ್ವರ, ಕೀಲುನೋವು ಕೊಡುತ್ತದೆ.

ಕೊನೆಗೆ ನಮ್ಮವರದೇ ಒಂದು ತಪ್ಪು. ಮೇಕೆಯ ಬಳಿ ರಾತ್ರಿ ಎದ್ದು ಕೂಡುವವರು ಮನೆಯ ಹೆಂಗಸರು. ನಾವು ತರಬೇತಿಗೆ ಕರೆಯುವುದು ಪಹಣಿಯಲ್ಲಿ ಹೆಸರಿರುವ ಗಂಡಸರನ್ನು, ಅದೂ ಬೆಳಿಗ್ಗೆ ಹನ್ನೊಂದಕ್ಕೆ, ತಾಲ್ಲೂಕು ಕೇಂದ್ರದಲ್ಲಿ. ಆ ಹೊತ್ತಿಗೆ ಮೇಕೆಯೂ ಅದನ್ನು ಮೇಯಿಸುವವರೂ ಗುಡ್ಡದ ಮೇಲಿರುತ್ತಾರೆ. ಮಂದೆ ರೊಪ್ಪದಿಂದ ಹೊರಡುವ ಮುಂಚೆ ಊರಿನಲ್ಲೇ, ಒಬ್ಬ ಪಶುವೈದ್ಯರನ್ನು ಜೊತೆಗಿಟ್ಟುಕೊಂಡು, ಒಂದು ಗಂಟೆ ಇದನ್ನು ತೋರಿಸಿಕೊಡಲು ನಮಗೇನೂ ಅಡ್ಡಿಯಿಲ್ಲ. ಮುಂದಿನ ಬೇಸಿಗೆಯ ತರಬೇತಿ ಪಟ್ಟಿ ಮಾಡುವಾಗ ವಿಸ್ತರಣಾ ಮಿತ್ರರು ಹೊತ್ತನ್ನೂ ಜಾಗವನ್ನೂ ಬದಲಾಯಿಸಲಿ ಎಂದು ಕೇಳಿಕೊಳ್ಳುತ್ತೇನೆ. ಕಡಲೆಕಾಯಿ ಬೀಜೋಪಚಾರದ ಪಾಠವನ್ನು ಅಲ್ಲೇ, ಅದೇ ಹೊತ್ತಿಗೆ ಹೇಳಲು ನಾನೂ ಬರುತ್ತೇನೆ.