ಅಗ್ಗದ ಫೈಬರ್ ಸಾಲದು ಎನ್ನುವವರಿಗೆ

ಕೇಬಲ್ ಟಿವಿ ತೆಗೆಸಿದ ಮನೆಗೆ ಸಿಗುವ ಫೈಬರ್ ಪ್ಲಾನ್‌ಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಸಾಕು. 30 ಎಂಬಿಪಿಎಸ್‌ನ ಆಚೆಗೆ ಕೊಡುವ ದುಡ್ಡು ಬಹುಪಾಲು ಮನೆಗಳಲ್ಲಿ ದಂಡ. ನನ್ನ ವಾದ ಇಷ್ಟೇ. ಇದನ್ನು ಒಪ್ಪದವರಲ್ಲಿ ಎರಡು ಪಾಳಯಗಳಿವೆ. ಕೇಬಲ್ ಬಿಟ್ಟದ್ದೇ ತಪ್ಪು ಎಂದು ಒಂದು ಪಾಳಯ. ಬಿಟ್ಟದ್ದು ಸರಿ, ಆದರೆ ಇಷ್ಟು ನಿಧಾನದ ಇಂಟರ್ನೆಟ್ ಹಾಕಿಸಿಕೊಂಡದ್ದು ಜಿಪುಣತನ ಎಂದು ಇನ್ನೊಂದು. ಒಬ್ಬರಿಗೆ ನನ್ನದು ದುಂದು, ಇನ್ನೊಬ್ಬರಿಗೆ ಕಂಜೂಸಿ. ಇಬ್ಬರೂ ಕೂತು ಮೊದಲು ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಕೊಂಡಿದ್ದರೆ ನನಗೆ ಅರ್ಧ ಕೆಲಸ ಉಳಿಯುತ್ತಿತ್ತು. ಅವರ ಆಕ್ಷೇಪಗಳನ್ನು ಅವರದೇ ಮಾತಿನಲ್ಲಿಟ್ಟು ಉತ್ತರಿಸುತ್ತೇನೆ. ತೀರ್ಪು ಓದುಗರದು.

"ಕೇಬಲ್‌ಗೆ ತಿಂಗಳಿಗೆ ಮುನ್ನೂರು. ಇಂಟರ್ನೆಟ್ಟು, ಒಟಿಟಿ ಎಲ್ಲ ಸೇರಿದರೆ ಎರಡು ಸಾವಿರ. ಇದ್ಯಾವ ಸೀಮೆ ಉಳಿತಾಯ?" ಮೊದಲ ಪಾಳಯದ ಬ್ರಹ್ಮಾಸ್ತ್ರ ಇದು. ಈ ಲೆಕ್ಕ ಬರೆದವರ ಕೈಚಳಕ ಗಮನಿಸಿ. ತಮ್ಮ ಕಡೆಗೆ ಅತಿ ಸಣ್ಣ ಬಿಲ್ಲು, ನನ್ನ ಕಡೆಗೆ ಭೂಮಿಯ ಮೇಲಿರುವ ಒಟಿಟಿಗಳೆಲ್ಲ. ಆ ಮುನ್ನೂರನ್ನೇ ಬಿಡಿಸಿ ನೋಡೋಣ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂದಾಗಿನಿಂದ, ಹಣ ಕೊಟ್ಟು ನೋಡುವ ಚಾನೆಲ್ ಒಂದನ್ನೂ ಆರಿಸದಿದ್ದರೂ ಕೇಬಲ್ ಒಳಗೆ ಬಂದದ್ದಕ್ಕೇ 130 ರೂಪಾಯಿಯವರೆಗೆ ಶುಲ್ಕ, ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. 2024ರ ಜುಲೈನಲ್ಲಿ ಆ ಶುಲ್ಕದ ಮಿತಿಯನ್ನೂ ಟ್ರಾಯ್ ತೆಗೆದುಹಾಕಿ, ಎಷ್ಟು ಕೇಳಬೇಕೆಂಬುದನ್ನು ಕೇಳುವವರಿಗೇ ಬಿಟ್ಟಿತು. ನೀವು ಕೊಡುವ ಮುನ್ನೂರರಲ್ಲಿ ನೋಡುವುದಕ್ಕೆ ಕೊಟ್ಟದ್ದು ಎಷ್ಟು, ನೋಡಲು ಅನುಮತಿ ಪಡೆಯುವುದಕ್ಕೆ ಕೊಟ್ಟದ್ದು ಎಷ್ಟು?

ಈಗ ನನ್ನ ಕಡೆಯದು. 30 ಎಂಬಿಪಿಎಸ್‌ನ 399ರ ಪ್ಲಾನ್, ತೆರಿಗೆ ಸೇರಿ 470 ರೂಪಾಯಿ 82 ಪೈಸೆ. (ಜಾಹೀರಾತಿನಲ್ಲಿ 399 ಮಾತ್ರ ಆಳೆತ್ತರಕ್ಕಿರುತ್ತದೆ, ತೆರಿಗೆ ಮೂಲೆಯಲ್ಲಿ ಇರುವೆ ಗಾತ್ರಕ್ಕೆ. ಕಂಪನಿಗಳ ಪರ ನನ್ನ ವಕಾಲತ್ತೇನೂ ಇಲ್ಲ.) ಆದರೆ ಮೊದಲ ಪಾಳಯದ ಲೆಕ್ಕದಲ್ಲಿ ಬೇಕೆಂತಲೇ ಬಿಟ್ಟ ಒಂದು ಸಾಲಿದೆ: ಮೊಬೈಲ್ ರೀಚಾರ್ಜು. ಕೇಬಲ್ ಮನೆಯವರೇನು ಫೋನಿನಲ್ಲಿ ವಿಡಿಯೊ ನೋಡದ ಋಷಿಗಳೇ? ಅವರ ಮನೆಯ ಪ್ರತಿ ಸಿಮ್ಮಿಗೂ ದಿನಕ್ಕೆ 1.5 ಜಿಬಿಯ ಪ್ಲಾನ್ ಇದೆ. 2024ರ ಜುಲೈ ಏರಿಕೆಯಲ್ಲಿ ಜಿಯೋದ ಆ 28 ದಿನದ ಪ್ಲಾನ್ 239ರಿಂದ 299ಕ್ಕೆ ಹೋಯಿತು. ಅದೇ ಏರಿಕೆಯಲ್ಲಿ, ಕರೆ ಮಾಡಲು ಮತ್ತು ಹೊರಗಿದ್ದಾಗ ಯುಪಿಐ, ವಾಟ್ಸ್ಆ್ಯಪ್‌ಗೆ ಸಾಲುವಷ್ಟು 2 ಜಿಬಿ ಕೊಡುವ ಪ್ಲಾನ್ 155ರಿಂದ 189ಕ್ಕೆ ಏರಿತು. ಮನೆಯಲ್ಲಿ ವೈಫೈ ಇದ್ದರೆ ಹೆಚ್ಚು ಹೊತ್ತು ಮನೆಯಲ್ಲೇ ಇರುವವರಿಗೆ ಎರಡನೆಯದು ಸಾಕು. ಒಂದು ಸಿಮ್ಮಿಗೆ ಸಲಕ್ಕೆ 110 ಉಳಿತಾಯ. 28 ದಿನದ ರೀಚಾರ್ಜು ವರ್ಷಕ್ಕೆ ಹದಿಮೂರು ಸಲ ಬರುವುದರಿಂದ 1,430. ನಾಲ್ಕು ಸಿಮ್ಮಿಗೆ 5,720. ಫೈಬರ್‌ಗೆ ಹನ್ನೆರಡು ತಿಂಗಳಿಗೆ ಎಷ್ಟು? 5,650. ಓಡಾಟದ ಮಗನಿಗೆ ದೊಡ್ಡ ಪ್ಲಾನೇ ಇರಲಿ, ಮೂರೇ ಸಿಮ್ ಹಿಡಿಯಿರಿ: 4,290. ಅಂದರೆ ಇಂಟರ್ನೆಟ್ಟಿನ ಮುಕ್ಕಾಲು ಖರ್ಚನ್ನು ಮೊಬೈಲುಗಳೇ ತೆತ್ತವು, ಮಿಕ್ಕ ಕಾಲನ್ನು ಕೊಟ್ಟ ಮೇಲೂ ಕೇಬಲ್‌ನ ದುಡ್ಡಿನಲ್ಲಿ ಉಳಿಯಿತು. ಎರಡು ಸಾವಿರ ಎಲ್ಲಿಂದ ಬಂತೆಂದು ಅವರೇ ಹೇಳಬೇಕು.

"ಒಟಿಟಿ ಇಲ್ಲದೆ ಧಾರಾವಾಹಿ ಎಲ್ಲಿಂದ ಬರುತ್ತೆ?" ಝೀ ಕನ್ನಡದ್ದು ಝೀ5ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಮೂರನ್ನೂ ಕೊಂಡರೆ ದುಬಾರಿ, ನಿಜ. ಆದರೆ ಒಂದೇ ಮನೆಯಲ್ಲಿ ರಾತ್ರಿ ಎಂಟರ ಹೊತ್ತಿಗೆ ನಾಲ್ಕು ಚಾನೆಲ್ಲಿನ ಧಾರಾವಾಹಿಯನ್ನು ಒಟ್ಟಿಗೆ ನೋಡುವ ಕುಟುಂಬವನ್ನು ನಾನಂತೂ ಕಂಡಿಲ್ಲ. ಯಾವುದನ್ನು ನೋಡುತ್ತೀರೋ ಅದೊಂದನ್ನು ಕೊಳ್ಳಿ, ಬೇಜಾರಾದರೆ ಬಿಡಿ. ಕನ್ನಡದ ಸುದ್ದಿ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ಇಪ್ಪತ್ನಾಲ್ಕು ಗಂಟೆಯೂ ಪುಕ್ಕಟೆ ಕೂಗುತ್ತಿವೆ. ಅವಕ್ಕೆ ದುಡ್ಡು ಕೊಡಲೇಬೇಕೆಂಬ ಹಟವಿದ್ದವರನ್ನು ನಾನು ತಡೆಯುವುದಿಲ್ಲ.

ಈಗ ಎರಡನೆಯ ಪಾಳಯ. "ಈ ಕಾಲದಲ್ಲಿ 30 ಎಂಬಿಪಿಎಸ್ ಯಾವ ಮೂಲೆಗೆ? ಕನಿಷ್ಠ 100, ಆದರೆ 300." ಯಾವ ಕೆಲಸಕ್ಕೆ ಎಂದು ಕೇಳಿದರೆ ಉತ್ತರವಿಲ್ಲ, "ಫ್ಯೂಚರ್‌ಗೆ" ಎನ್ನುತ್ತಾರೆ. ಎಚ್‌ಡಿ ವಿಡಿಯೊ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ಟಿವಿಯಲ್ಲಿ ಸಿನಿಮಾ, ಮಗಳ ಆನ್‌ಲೈನ್ ಪಾಠ, ಇನ್ನೊಂದು ಕೋಣೆಯಲ್ಲಿ ಕ್ರಿಕೆಟ್, ಅಮೆರಿಕದ ಅಣ್ಣನ ಜೊತೆ ವಿಡಿಯೊ ಕಾಲ್, ಎಲ್ಲ ಒಟ್ಟಿಗೆ ನಡೆದರೂ 20 ದಾಟುವುದಿಲ್ಲ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದೇ 15. ತಮಾಷೆಯೆಂದರೆ, 300ರ ಪ್ಲಾನ್ ಹಾಕಿಸಿಕೊಂಡು ಟಿವಿಗೆ ನೇರವಾಗಿ ವೈರ್ ಎಳೆಸಿದವರ ಬಹುತೇಕ ಟಿವಿಗಳಲ್ಲಿ ಆ ವೈರ್ ಚುಚ್ಚುವ ಲ್ಯಾನ್ ಪೋರ್ಟಿನ ಗರಿಷ್ಠ ವೇಗವೇ 100. ಉಳಿದ 200 ಗೋಡೆಯ ತನಕ ಬಂದು ನಿಂತಿರುತ್ತದೆ. ಐವತ್ತು ಅರವತ್ತು ಜಿಬಿಯ ಗೇಮ್ ಇಳಿಸುವ ಹುಡುಗರು, ವಿಡಿಯೊ ಎಡಿಟ್ ಮಾಡಿ ಕಳಿಸುವವರು ಮನೆಯಲ್ಲಿದ್ದರೆ ಮಾತು ಬೇರೆ. ಅವರು ಧಾರಾಳವಾಗಿ ಹೆಚ್ಚಿನದನ್ನೇ ತೆಗೆದುಕೊಳ್ಳಲಿ. ಉಳಿದವರ "ಸ್ಲೋ" ಎಂಬ ದೂರು ಬರುವುದು ಹಿಂದಿನ ಕೋಣೆಯಿಂದ, ಎರಡು ಗೋಡೆಯಾಚೆಯಿಂದ. ಟಿವಿ ಸ್ಟ್ಯಾಂಡಿನ ಹಿಂದೆ ಹುಗಿದಿಟ್ಟ ರೂಟರನ್ನು ಹಾಲ್‌ನ ನಡುಗೋಡೆಗೆ ಎತ್ತರದಲ್ಲಿ ಹಾಕಿಸಲು ಎರಡು ಮೊಳೆ ಸಾಕು. ಪ್ಲಾನ್ ಏರಿಸಿದರೆ ಆ ಗೋಡೆಗಳೇನೂ ತೆಳ್ಳಗಾಗುವುದಿಲ್ಲ.

ಇದೇ ಪಾಳಯದ ಇನ್ನೊಂದು ಮಾತು: "ಅನ್‌ಲಿಮಿಟೆಡ್ ಅಂತಾರೆ, 3300 ಜಿಬಿಗೆ ನಿಲ್ಲಿಸ್ತಾರೆ. ಸುಳ್ಳು." ಅನ್‌ಲಿಮಿಟೆಡ್ ಎಂದು ಬರೆದು ಮಿತಿ ಇಡುವುದು ಸುಳ್ಳೇ, ಒಪ್ಪಿದೆ. ಆದರೆ ಆ ಮಿತಿ ಯಾರಿಗೆ ತಗಲುತ್ತದೆ? 5 ಎಂಬಿಪಿಎಸ್‌ನಲ್ಲಿ ಓಡುವ ವಿಡಿಯೊ ಗಂಟೆಗೆ ಎರಡೂಕಾಲು ಜಿಬಿ ತಿನ್ನುತ್ತದೆ. ಟಿವಿಯನ್ನು ಒಂದು ಕ್ಷಣವೂ ಆರಿಸದೆ ಮೂವತ್ತು ದಿನ ಹಗಲೂ ರಾತ್ರಿ ಓಡಿಸಿದರೆ 1,620 ಜಿಬಿ. ಎರಡು ಟಿವಿಗಳನ್ನು ಹಾಗೆ ಓಡಿಸಿದರೂ 3,240. ಮಿತಿ ಮುಟ್ಟಲು ಇನ್ನೂ 60 ಜಿಬಿ ಬಾಕಿ. ಅಷ್ಟು ಹೊತ್ತಿಗೆ ಮೆಸ್ಕಾಂನ ಕರೆಂಟ್ ಬಿಲ್ಲು ನೋಡಿ ಯಜಮಾನರು ತಾವೇ ಪ್ಲಗ್ ಕಿತ್ತಿರುತ್ತಾರೆ. (ಸಣ್ಣಪುಟ್ಟ ಊರಿನ ಸಂಸ್ಥೆಗಳ ಮಿತಿ ಇದಕ್ಕಿಂತ ಕಡಿಮೆ ಇರಬಹುದು, ಫಾರಂ ತುಂಬುವ ಮುನ್ನ ಕೇಳಿಕೊಳ್ಳಿ.) ಇನ್ನು, ಡೇಟಾ ಬೇಗ ಮುಗಿಯುತ್ತದೆ ಎಂದು ಅಳುವವರೇ ಹತ್ತು ಪಟ್ಟು ವೇಗ ಬೇಕೆನ್ನುತ್ತಾರೆ. ಹೆಚ್ಚು ವೇಗವಾಗಿ ಮುಗಿಸಿಕೊಳ್ಳಲಿಕ್ಕೋ?

"ವೈರೇ ಬೇಡ, ಏರ್‌ಫೈಬರ್ ಹಾಕಿಸಿ" ಎಂಬ ಸಲಹೆಯೂ ಇದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗೆ ಫೈಬರ್ ಬಾರದಿದ್ದರೆ, ಅಲ್ಲಿ 5ಜಿ ಸಿಗ್ನಲ್ ಇದ್ದರೆ, ಹಾಕಿಸಿ. ಬೀದಿಯಲ್ಲಿ ಫೈಬರ್ ಇದ್ದೂ ಹಾಕಿಸುವುದೇಕೆ? ಅದು ಗಾಳಿಯಲ್ಲಿ ಬರುವ ಮೊಬೈಲ್ ಸಿಗ್ನಲ್ಲೇ. ಸಂಜೆ ಟವರ್ ಮೇಲೆ ಒತ್ತಡ ಬಿದ್ದಾಗ ಎಲ್ಲರೊಡನೆ ಹಂಚಿಕೊಳ್ಳಬೇಕು.

ಎರಡೂ ಪಾಳಯ ಒಂದಾಗುವುದು ಒಂದೇ ಕಡೆ: "ಕೆಟ್ಟರೆ ಯಾರನ್ನು ಹಿಡೀತೀರಿ? ಕೇಬಲ್‌ನವನಾದರೆ ಬೀದೀಲೇ ಸಿಗ್ತಾನೆ." ಇದೊಂದೇ ನಿಜವಾದ ಆಕ್ಷೇಪ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಆ ಕೇಬಲ್‌ನವರೇ ಈಗ ಎಷ್ಟೋ ಊರುಗಳಲ್ಲಿ ಫೈಬರ್‌ನವರು. ಬಿಎಸ್‌ಎನ್‌ಎಲ್‌ನ ಭಾರತ್ ಫೈಬರ್ ಮನೆ ತಲುಪುವುದೇ ಬಹಳ ಕಡೆ ಇಂಥ ಸ್ಥಳೀಯ ಪಾಲುದಾರರ ಕೈಯಲ್ಲಿ. ನಮ್ಮ ಶಿವಮೊಗ್ಗದ ಬೀದಿಯಲ್ಲಿ ಮಳೆಗಾಲದಲ್ಲಿ ಕೊಂಬೆ ಬಿದ್ದು, ಸಿಗ್ನಲ್ ಕಡಿದದ್ದನ್ನು ತೋರಿಸುವ ಫೈಬರ್ ಪೆಟ್ಟಿಗೆಯ ಎಲ್‌ಓಎಸ್ ದೀಪ ಕೆಂಪಗೆ ಮಿಟುಕತೊಡಗಿದರೆ ಬರುವುದು ಹಿಂದೆ ಕೇಬಲ್ ಎಳೆಯುತ್ತಿದ್ದ ಹುಡುಗನೇ. ಹಳದಿ ತಂತಿ ಬಿಚ್ಚಿ ಅಂಗೈಯಗಲದ ಪವರ್ ಮೀಟರಿಗೆ ಚುಚ್ಚಿ, "ಮೈನಸ್ ಮೂವತ್ತು ತೋರಿಸ್ತಿದೆ ಸಾರ್, ಕಂಬದ ಹತ್ರ ಬೆಂಡಾಗಿದೆ" ಎನ್ನುತ್ತಾನೆ. ಬೆಳಕಿನ ಬಲ (ಡಿಬಿಎಂ ಲೆಕ್ಕದಲ್ಲಿ) ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ಉಳಿಯುವುದು ಕಷ್ಟ. ಕಂಬ ಹತ್ತಿ ಕೂದಲೆಳೆಯಷ್ಟು ಗಾಜನ್ನು ಬೆಸೆದು ಇಳಿದ ಮೇಲೆ ಮೀಟರು ಮೈನಸ್ ಇಪ್ಪತ್ತಕ್ಕೆ ಬರುತ್ತದೆ, ಕೆಂಪು ದೀಪ ಆರುತ್ತದೆ. ಸಂಪರ್ಕ ಆರಿಸುವಾಗ ನೋಡಬೇಕಾದದ್ದು ಇವನನ್ನು. ಅಕ್ಕಪಕ್ಕದ ಮನೆಯವರನ್ನು ಕೇಳಿ: ಹೋದ ಮಳೆಗಾಲದಲ್ಲಿ ಕಟ್ ಆದಾಗ ಎಷ್ಟು ದಿನಕ್ಕೆ ಬಂದರು? ವೇಗದ ಪಾಳಯದವರು ಈ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿಲ್ಲ. ಅವರ ಬಳಿ ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟ್ ಮಾತ್ರ ಇರುತ್ತದೆ. ಕಂಪನಿಯೇ ಕೈಯೆತ್ತಿದರೆ ಗ್ರಾಹಕರ ಆಯೋಗವಿದೆ. ಟೆಲಿಕಾಂ ತಕರಾರನ್ನು ಅಲ್ಲಿಗೆ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

"ಕರೆಂಟ್ ಹೋದರೆ ಇಂಟರ್ನೆಟ್ಟೂ ಹೋಯ್ತು." ಕರೆಂಟ್ ಹೋದಾಗ ನಿಮ್ಮ ಕೇಬಲ್ ಟಿವಿ ಎಣ್ಣೆ ದೀಪದಲ್ಲಿ ಓಡುತ್ತಿತ್ತೇ? ರೂಟರಿಗೆ ಬೇಕಾದದ್ದು 12 ವೋಲ್ಟ್; ಪುಟ್ಟದೊಂದು ಮಿನಿ ಯುಪಿಎಸ್ ಅದನ್ನು ಗಂಟೆಗಟ್ಟಲೆ ನಡೆಸುತ್ತದೆ. ಗುಡುಗು ಬಂದರೆ ಕೇಬಲ್ ಕಿತ್ತಿಡಲು ಓಡುತ್ತಿದ್ದದ್ದನ್ನು ಮಲೆನಾಡಿನವರಿಗೆ ನೆನಪಿಸಬೇಕಿಲ್ಲ. ಆ ತಾಮ್ರದ ದಾರಿಯಲ್ಲಿ ಸಿಡಿಲು ಒಳಗೆ ಬಂದು ಸೆಟ್‌ಟಾಪ್ ಬಾಕ್ಸ್ ಜೊತೆ ಟಿವಿಯನ್ನೂ ಸುಟ್ಟದ್ದಿದೆ. ಫೈಬರ್ ಗಾಜು, ಅದರಲ್ಲಿ ವಿದ್ಯುತ್ ಹರಿಯದು. ಗುಡುಗಿದಾಗ ಅಡಾಪ್ಟರಿನ ಪ್ಲಗ್ ಕಿತ್ತರಾಯಿತು.

"ವರ್ಷಕ್ಕೆ ಒಟ್ಟಿಗೆ ಕಟ್ಟಿ, ತಿಂಗಳು ಫ್ರೀ" ಎನ್ನುವವರಿಗೆ ಒಂದೇ ಪ್ರಶ್ನೆ: ಮೂರನೇ ತಿಂಗಳಲ್ಲಿ ಸರ್ವೀಸ್ ಕೆಟ್ಟರೆ, ಬಾಡಿಗೆ ಮನೆ ಬದಲಾದರೆ, ಉಳಿದ ಒಂಬತ್ತು ತಿಂಗಳ ದುಡ್ಡು ಯಾರ ಜೇಬಿನಲ್ಲಿರುತ್ತದೆ? ಮೊದಲು ಒಂದು ಮಳೆಗಾಲ ಕಳೆಯಲಿ, ಆಮೇಲೆ ವರ್ಷದ ಮಾತು.

ಕೊನೆಗೆ ಹಿರಿಯರನ್ನು ಗುರಾಣಿ ಮಾಡಿಕೊಂಡು ಬರುವ ಆಕ್ಷೇಪ: "ಅಜ್ಜಿಗೆ ಇದೆಲ್ಲ ಬರಲ್ಲ, ಕೇಬಲ್ಲೇ ಸುಲಭ." ಸುಲಭವೇ? ಟಿವಿಗೊಂದು ರಿಮೋಟು, ಬಾಕ್ಸಿಗೊಂದು ರಿಮೋಟು. ಕೈತಪ್ಪಿ ಸೋರ್ಸ್ ಬಟನ್ ಒತ್ತಿದರೆ ನೀಲಿ ಪರದೆ, ಮೊಮ್ಮಗ ಶಾಲೆಯಿಂದ ಬರುವ ತನಕ ಅದೇ. ಇದನ್ನು ವರ್ಷಗಟ್ಟಲೆ ನಿಭಾಯಿಸಿದ, ಬೆಳಗಾಗೆದ್ದು ಇಡೀ ಬಳಗಕ್ಕೆ ವಾಟ್ಸ್ಆ್ಯಪ್‌ನಲ್ಲಿ ರಾಯರ ಫೋಟೊ ಕಳಿಸುವ ಅಜ್ಜಿಗೆ ಯೂಟ್ಯೂಬ್‌ನ ಕೆಂಪು ಚೌಕ ಕಾಣುವುದಿಲ್ಲವೆಂದು ನಾನು ನಂಬುವುದಿಲ್ಲ. ಚಾನೆಲ್ ತಿರುಗಿಸುವ ಸುಖವೇ ಬೇಕೆಂದರೆ ಡಿಡಿ ಫ್ರೀ ಡಿಶ್ ಇದೆ: ಒಂದು ಸಲದ ಖರ್ಚು, ತಿಂಗಳ ಬಾಡಿಗೆ ಇಲ್ಲ, ಚಂದನವೂ ಬರುತ್ತದೆ. ಇದಕ್ಕೂ ಮೀರಿ ಯಾರಿಗಾದರೂ ಹೇಳುವುದಿದ್ದರೆ ಹೇಳಲಿ. ಆದರೆ ಜೊತೆಗೆ ತಮ್ಮ ಕೇಬಲ್ ಬಿಲ್ಲು, ಮನೆಯ ಎಲ್ಲ ಸಿಮ್ಮುಗಳ ರೀಚಾರ್ಜ್ ರಸೀದಿಯನ್ನೂ ಇಡಲಿ, ಜಿಎಸ್‌ಟಿ ಸಮೇತ.