ಯಂತ್ರದ ಕೊನೆಯ ಮಾತು

ಯಾವುದೇ ಕಾರ್ಯದ ಪ್ರಾರಂಭಕ್ಕೆ ದೊರೆಯುವ ಗೌರವವು ಅದರ ಮುಕ್ತಾಯಕ್ಕೆ ದೊರೆಯುವುದು ವಿರಳ. ಉತ್ಸವದ ಉದ್ಘಾಟನೆಗೆ ಊರೇ ನೆರೆಯುತ್ತದೆ. ಮುಗಿದ ಮೇಲೆ ಚಪ್ಪರ ಬಿಚ್ಚಿ, ಜಮಖಾನೆ ಮಡಿಸಿ, ದಾಸೋಹದ ಪಾತ್ರೆಗಳನ್ನು ಎಣಿಸಿ ಒಳಗಿಡುವವರು ಕೆಲವರೇ. ಆದರೆ ಮುಂದಿನ ಉತ್ಸವವು ಸುಸೂತ್ರವಾಗಿ ನಡೆಯುವುದು ಆ ಕೆಲವರ ಶ್ರದ್ಧೆಯಿಂದಲೇ. ಗಣಕಯಂತ್ರದ ಲೋಕಕ್ಕೂ ಈ ಮಾತು ಸಲ್ಲುತ್ತದೆ. ಯಂತ್ರವನ್ನು ಆರಂಭಿಸುವುದನ್ನು ಎಲ್ಲರೂ ಕಲಿಸುತ್ತಾರೆ. ಅದನ್ನು ನಿಲ್ಲಿಸುವ ಬಗೆ ಮಾತ್ರ ವಿಚಾರಕ್ಕೆ ವಸ್ತುವಾಗುವುದಿಲ್ಲ.

1995ರ ಆಗಸ್ಟ್ 24ರಂದು ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 95 ಎಂಬ ಕಾರ್ಯವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ದಿನದ ಕೆಲಸ ಮುಗಿಸಿ ಯಂತ್ರವನ್ನು ನಿಲ್ಲಿಸುವಂತೆ ಆಜ್ಞೆಯಿತ್ತಾಗ, ತುಸು ಕಾಯಬೇಕೆಂಬ ಸೂಚನೆ ಮೊದಲು ಬರುತ್ತಿತ್ತು. ಅನಂತರ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳು ಮೂಡುತ್ತಿದ್ದವು. ಇನ್ನು ಯಂತ್ರದ ವಿದ್ಯುತ್ತನ್ನು ಆರಿಸಿದರೆ ಅಪಾಯವಿಲ್ಲ ಎಂಬುದು ಅವುಗಳ ತಾತ್ಪರ್ಯ. ಆ ವರ್ಷಗಳಲ್ಲಿ ಗಣಕವನ್ನು ಬಳಸಿದ ಯಾರೂ ಈ ಪರದೆಯನ್ನು ಮರೆತಿರಲಾರರು. ಇಂದು ಅದು ಕಣ್ಮರೆಯಾಗಿದೆ. ಅದು ಏಕೆ ಇತ್ತು, ಏಕೆ ಹೋಯಿತು, ಹೋದುದರೊಡನೆ ಏನು ಹೋಯಿತು ಎಂಬುದು ಶಿಕ್ಷಕರು ಪರಿಶೀಲಿಸಬೇಕಾದ ಪ್ರಶ್ನೆ.

ಅದು ಇದ್ದುದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು, ಬರೆಹದ ವಿಳಂಬ. ಡಿಸ್ಕಿನ ವೇಗವು ಸ್ಮೃತಿಯ ವೇಗಕ್ಕಿಂತ ಬಹಳ ಕಡಿಮೆ. ಆದ್ದರಿಂದ ಬಳಸುವವನು ಉಳಿಸಿದ ಮಾಹಿತಿಯನ್ನು ಯಂತ್ರವು ಒಡನೆಯೇ ಡಿಸ್ಕಿಗೆ ಬರೆಯದೆ, ಸ್ಮೃತಿಯಲ್ಲಿ ತಾತ್ಕಾಲಿಕವಾಗಿ ಇರಿಸಿಕೊಂಡು, ಬಿಡುವಾದಾಗ ಬರೆಯುತ್ತದೆ. ಕಿರಾಣಿ ಅಂಗಡಿಯವನು ಗಿರಾಕಿಗಳ ನೂಕುನುಗ್ಗಲಿನಲ್ಲಿ ಲೆಕ್ಕವನ್ನು ಚೀಟಿಯಲ್ಲಿ ಗುರುತುಹಾಕಿಕೊಂಡು, ರಾತ್ರಿ ಖಾತೆ ಪುಸ್ತಕಕ್ಕೆ ಏರಿಸುವಂತೆ ಇದು. ಚೀಟಿ ಕಳೆದರೆ ಲೆಕ್ಕ ತಪ್ಪುತ್ತದೆ. 1993ರಲ್ಲಿ ಬಂದ ಎಂಎಸ್-ಡಾಸ್ 6ರಲ್ಲಿ, ಬರೆಹ ಮುಗಿಯುವ ಮೊದಲೇ ಮುಂದಿನ ಆಜ್ಞೆಗೆ ಸಿದ್ಧವೆಂಬ ಚಿಹ್ನೆ ಪರದೆಯ ಮೇಲೆ ಕಾಣುತ್ತಿತ್ತು. ಕೆಲಸ ಮುಗಿಯಿತೆಂದು ಭಾವಿಸಿ ಸ್ವಿಚ್ ಆರಿಸಿದವರು ಮಾಹಿತಿ ಕಳೆದುಕೊಳ್ಳುವ ಸಂಭವವಿತ್ತು. ಅದೇ ವರ್ಷದ 6.2 ಆವೃತ್ತಿಯಲ್ಲಿ, ಬರೆಹ ಪೂರ್ಣವಾಗುವವರೆಗೆ ಆ ಚಿಹ್ನೆ ಕಾಣದಂತೆ ತಿದ್ದಲಾಯಿತು.

ಎರಡನೆಯ ಕಾರಣ, ವಿದ್ಯುತ್ತಿನ ಸ್ವಿಚ್ಚು. ಐಬಿಎಂ ಸಂಸ್ಥೆಯು 1984ರಲ್ಲಿ ಹೊರತಂದ ಎಟಿ ಮಾದರಿಯ ಯಂತ್ರಗಳಲ್ಲಿಯೂ ಅದನ್ನು ಅನುಸರಿಸಿದವುಗಳಲ್ಲಿಯೂ ಸ್ವಿಚ್ಚು ವಿದ್ಯುತ್ ಹರಿವನ್ನೇ ನೇರವಾಗಿ ಕಡಿಯುತ್ತಿತ್ತು. ಗಣಕಕ್ಕೆ ತನ್ನನ್ನು ತಾನು ಆರಿಸಿಕೊಳ್ಳುವ ಶಕ್ತಿಯೇ ಇರಲಿಲ್ಲ. ತನ್ನ ಪಾಲಿನ ಕೆಲಸ ಮುಗಿಸಿ, ಉಳಿದುದನ್ನು ಮನುಷ್ಯನ ಕೈಗೆ ಒಪ್ಪಿಸುವುದೊಂದೇ ಅದಕ್ಕಿದ್ದ ದಾರಿ. ಆಪಲ್ ಸಂಸ್ಥೆಯ ಆರಂಭಕಾಲದ ಮ್ಯಾಕಿಂಟಾಷ್ ಯಂತ್ರಗಳೂ ಇಂತಹುದೇ ಮಾತನ್ನು ಹೇಳುತ್ತಿದ್ದವು. 1987ರ ಮ್ಯಾಕಿಂಟಾಷ್ 2 ತಾನೇ ಆರಿಕೊಳ್ಳಬಲ್ಲುದಾಗಿತ್ತು.

ಆ ಪರದೆಯನ್ನು ರೂಪಿಸಿದ ಬಗೆಯೂ ಗಮನಾರ್ಹವಾದುದು. ಆ ಹಂತಕ್ಕೆ ಬರುವ ವೇಳೆಗೆ ಕಿಟಕಿಗಳನ್ನೂ ಗುಂಡಿಗಳನ್ನೂ ಬಿಡಿಸುವ ವ್ಯವಸ್ಥೆಯೇ ಮುಚ್ಚಿಹೋಗಿರುತ್ತಿತ್ತು. ಆದ್ದರಿಂದ ಆ ಸಂದೇಶವನ್ನು ಮೊದಲೇ ಸಿದ್ಧವಾದ ಒಂದು ಚಿತ್ರವನ್ನಾಗಿ ಡಿಸ್ಕಿನಲ್ಲಿ ಇರಿಸಲಾಗಿತ್ತು. ಅಡ್ಡಲಾಗಿ 320, ಉದ್ದಕ್ಕೆ 400 ಚುಕ್ಕೆಗಳ, 256 ಬಣ್ಣಗಳ ಸಾಧಾರಣ ಚಿತ್ರವದು. ಕಡತದ ಹೆಸರು ವ್ಯವಸ್ಥೆಯ ಕಡತದಂತೆ ತೋರಿದರೂ, ಪೇಂಟ್ ಎಂಬ ಚಿತ್ರ ಬರೆಯುವ ಸಾಧನದಲ್ಲಿ ತೆರೆದು ಯಾರು ಬೇಕಾದರೂ ತಿದ್ದಬಹುದಾಗಿತ್ತು. ಉಳಿದೆಲ್ಲವೂ ಕೈಬಿಟ್ಟ ಮೇಲೆಯೂ ನುಡಿಯಬಲ್ಲ ಮಾತು ಇರಬೇಕಾದರೆ ಅದು ಇತರರನ್ನು ಆಶ್ರಯಿಸಬಾರದು ಎಂಬ ವಿವೇಕ ಇಲ್ಲಿದೆ.

ಈ ಕಿರುಸಂದೇಶದ ಹಿರಿಮೆ ಅದರ ಪ್ರಾಮಾಣಿಕತೆಯಲ್ಲಿದೆ. ಕೆಲಸ ಮುಗಿಯುವ ಮೊದಲು ಅದು ಮುಗಿಯಿತೆನ್ನಲಿಲ್ಲ. ತನ್ನಿಂದಾಗದುದನ್ನು ತಾನು ಮಾಡುವೆನೆನ್ನಲಿಲ್ಲ. ಮುಂದೆ ಯಾರು ಏನು ಮಾಡಬೇಕೆಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಸಿತು. ಶರಣಪರಂಪರೆಯು ಮನುಷ್ಯನಿಂದ ಅಪೇಕ್ಷಿಸುವ ನಡೆ-ನುಡಿಗಳ ಹೊಂದಾಣಿಕೆಯನ್ನು ಯಂತ್ರವನ್ನು ರೂಪಿಸುವವರಿಂದಲೂ ಅಪೇಕ್ಷಿಸುವುದು ಅನುಚಿತವಲ್ಲ. ಏಕೆಂದರೆ ಯಂತ್ರದ ನುಡಿಯ ಹಿಂದೆ ಇರುವುದೂ ಮನುಷ್ಯನ ನುಡಿಯೇ.

ಆ ಕಾಲದ ಎಲ್ಲ ಸಂದೇಶಗಳೂ ಹೀಗೆ ಸಭ್ಯವಾಗಿದ್ದವೆಂದು ಹೇಳಲಾಗದು. ವಿಂಡೋಸ್ 98ರಲ್ಲಿ ಯಂತ್ರವು ಕ್ರಮಬದ್ಧವಾಗಿ ನಿಲ್ಲದಿದ್ದರೆ, ಮರುದಿನ ಆರಂಭಿಸಿದಾಗ ಡಿಸ್ಕಿನ ತಪಾಸಣೆ ನಡೆಯುತ್ತಿತ್ತು. ಇನ್ನೊಮ್ಮೆ ಈ ಸೂಚನೆ ಬಾರದಿರಬೇಕಾದರೆ ಸರಿಯಾದ ಕ್ರಮದಲ್ಲಿಯೇ ನಿಲ್ಲಿಸತಕ್ಕದ್ದೆಂದು ಬುದ್ಧಿವಾದವೂ ಬರುತ್ತಿತ್ತು. ವಿದ್ಯುತ್ ಹಠಾತ್ತನೆ ಹೋಗುವ ಊರಿನ ಬಾಲಕನಿಗೆ ಈ ಮಾತು ಮಾಡದ ತಪ್ಪಿಗೆ ದೊರೆತ ಗದರಿಕೆಯಾಗಿತ್ತು. ಕಾರಣವನ್ನು ವಿಚಾರಿಸದೆ ದೋಷವನ್ನು ಎಳೆಯರ ಮೇಲೆ ಹೊರಿಸುವುದು ಯಂತ್ರಕ್ಕೂ ಸಲ್ಲದು, ಶಿಕ್ಷಕನಿಗೂ ಸಲ್ಲದು.

1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಹೊಸ ಮಾದರಿಯನ್ನು ಪ್ರಕಟಿಸಿತು. ಅದರಲ್ಲಿ ಕಾರ್ಯವ್ಯವಸ್ಥೆಯ ಆಜ್ಞೆಯಂತೆ ಯಂತ್ರವು ತಾನೇ ಆರಿಕೊಳ್ಳಬಲ್ಲುದು. ಅಂತಹ ಯಂತ್ರಗಳು ಎಲ್ಲೆಡೆ ಹರಡಿದಂತೆ ಕಿತ್ತಳೆ ಅಕ್ಷರಗಳಿಗೆ ಕೆಲಸವಿಲ್ಲವಾಯಿತು. ಇದು ನಿಸ್ಸಂದೇಹವಾಗಿ ಪ್ರಗತಿಯೇ. ಆದರೆ ಶ್ರಮ ಕಡಿಮೆಯಾದಂತೆ ಸ್ಪಷ್ಟತೆಯೂ ಕಡಿಮೆಯಾಯಿತೆಂಬುದನ್ನು ಅಲ್ಲಗಳೆಯಲಾಗದು. 2006ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ, ಯಂತ್ರವನ್ನು ಬಿಟ್ಟೇಳುವುದಕ್ಕೆ ಇಷ್ಟೊಂದು ಆಯ್ಕೆಗಳೇಕೆ ಎಂದು ತಂತ್ರಾಂಶ ತಜ್ಞ ಜೋಯಲ್ ಸ್ಪಾಲ್ಸ್ಕಿ ಆಕ್ಷೇಪಿಸಿದರು. 2012ರ ವಿಂಡೋಸ್ 8ರಲ್ಲಿ ನಿಲ್ಲಿಸುವ ಗುಂಡಿಯನ್ನು ಪರದೆಯ ಅಂಚಿನ ಮರೆಯಲ್ಲಿ ಇರಿಸಲಾಯಿತು. 2014ರಲ್ಲಿ ಅದನ್ನು ಮತ್ತೆ ಎದುರಿಗೆ ತರಬೇಕಾಯಿತು.

ಇದಕ್ಕಿಂತ ಮುಖ್ಯವಾದ ಬದಲಾವಣೆಯೊಂದು ಕಣ್ಣಿಗೆ ಕಾಣದಂತೆ ನಡೆಯಿತು. ವಿಂಡೋಸ್ 8ರಿಂದ ಮೊದಲ್ಗೊಂಡು, ಬೇಗ ಆರಂಭವಾಗಲೆಂಬ ಉದ್ದೇಶದಿಂದ, ‘ಶಟ್ ಡೌನ್’ ಎಂಬ ಆಜ್ಞೆಯು ವ್ಯವಸ್ಥೆಯ ತಿರುಳನ್ನು ಪೂರ್ತಿಯಾಗಿ ಮುಚ್ಚದೆ, ಅದರ ಸ್ಥಿತಿಯನ್ನು ಡಿಸ್ಕಿನಲ್ಲಿ ಕಾದಿರಿಸುವ ಪದ್ಧತಿ ಬಂದಿತು. ಈ ಏರ್ಪಾಡು ಇರುವ ಯಂತ್ರದಲ್ಲಿ ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾದರೆ ‘ರೀಸ್ಟಾರ್ಟ್’ ಎಂಬುದನ್ನೇ ಆರಿಸಬೇಕು. ನಿಲ್ಲಿಸು ಎಂಬ ಮಾತಿಗಿಂತ ಮರಳಿ ಆರಂಭಿಸು ಎಂಬ ಮಾತೇ ಹೆಚ್ಚು ಪೂರ್ಣವಾಗಿ ನಿಲ್ಲಿಸುತ್ತದೆ ಎಂದಾಯಿತು! ಇದರಿಂದ ಕಾಲ ಉಳಿಯುತ್ತದೆ, ಸಾಮಾನ್ಯ ಬಳಕೆದಾರನಿಗೆ ತೊಂದರೆಯಿಲ್ಲ ಎಂದು ಇದರ ಪರವಾಗಿ ವಾದಿಸಬಹುದು. ವೇಗಕ್ಕೆ ಯಾರ ಆಕ್ಷೇಪವೂ ಇಲ್ಲ, ಆಕ್ಷೇಪವಿರುವುದು ಹೆಸರಿಗೆ. ಮಾಡುವುದೊಂದು, ಹೇಳುವುದೊಂದಾದರೆ, ತೊಂದರೆ ಬಂದ ದಿನ ಬಳಸುವವನಿಗೆ ದಾರಿ ತೋಚದು.

ಈ ಚರ್ಚೆಯಿಂದ ಶಾಲೆಗಳು ಗ್ರಹಿಸಬಹುದಾದ ಪಾಠವೊಂದಿದೆ. ಯುನಿಕ್ಸ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವರಲ್ಲಿ, ಯಂತ್ರ ನಿಲ್ಲಿಸುವ ಮುನ್ನ ‘ಸಿಂಕ್’ ಎಂಬ ಆಜ್ಞೆಯನ್ನು ಮೂರು ಸಲ ಕೊಡುವ ರೂಢಿಯಿತ್ತು. ಬರೆಯಬೇಕಾದುದನ್ನು ಡಿಸ್ಕಿಗೆ ಬರೆ ಎಂದು ಅದರ ಅರ್ಥ. ಮೊದಲ ಆಜ್ಞೆಯೇ ಕೆಲಸವನ್ನು ಹಚ್ಚುತ್ತಿತ್ತು. ಉಳಿದೆರಡನ್ನು ಬೇರೆ ಬೇರೆ ಸಾಲಿನಲ್ಲಿ ಬೆರಳಚ್ಚಿಸುವಷ್ಟರಲ್ಲಿ ಬರೆಹ ಮುಗಿಯಲು ಅವಕಾಶ ಸಿಗುತ್ತಿತ್ತು. ಕಾಲಕ್ರಮದಲ್ಲಿ ಕೆಲವರು ಮೂರನ್ನೂ ಒಂದೇ ಸಾಲಿನಲ್ಲಿ ಒಟ್ಟಿಗೆ ಬರೆಯತೊಡಗಿದರು. ಆಚಾರ ಉಳಿಯಿತು, ಅರ್ಥ ಹೋಯಿತು. ಅರಿವಿಲ್ಲದ ಆಚಾರ ಎಷ್ಟು ಬರಿದಾದುದೆಂಬುದಕ್ಕೆ ಮಠದ ಶಾಲೆಯಲ್ಲಿ ಬೇರೆ ನಿದರ್ಶನ ಬೇಕಿಲ್ಲ.

ಆದ್ದರಿಂದ ಗಣಕ ಶಿಕ್ಷಣವು ಇಂತಹ ಗುಂಡಿ ಒತ್ತು ಎಂಬಲ್ಲಿಗೆ ನಿಲ್ಲಬಾರದು. ಏಕೆ ಕಾಯಬೇಕು, ಕಾಯದಿದ್ದರೆ ಏನು ಕೆಡುತ್ತದೆ ಎಂಬುದನ್ನು ಮಕ್ಕಳಿಗೆ ತಿಳಿಯಹೇಳಬೇಕು. ಅದನ್ನು ಕನ್ನಡದಲ್ಲಿ ತಿಳಿಯಹೇಳಬೇಕು. ಕಿತ್ತಳೆ ಅಕ್ಷರಗಳು ಕನ್ನಡ ನಾಡಿನ ಮಕ್ಕಳೊಡನೆ ಇಂಗ್ಲಿಷಿನಲ್ಲಿಯೇ ಮಾತನಾಡಿದವು. ಅನೇಕರು ಅವನ್ನು ಓದದೆ, ಬಣ್ಣದಿಂದಲೇ ಗುರುತಿಸಿದರು. 1991ರಲ್ಲಿ ಪ್ರಕಟವಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದು, ಇಂದು ಯಂತ್ರಗಳು ಕನ್ನಡವನ್ನು ನಿರಾಯಾಸವಾಗಿ ತೋರಿಸುತ್ತವೆ. ಹೀಗಿರುವಾಗ ಎಚ್ಚರಿಕೆಯ ಮಾತು ಪರಭಾಷೆಯಲ್ಲಿಯೇ ಉಳಿಯುವುದಕ್ಕೆ ಸಕಾರಣವಿಲ್ಲ.

ಗಣಕಗಳನ್ನು ದಾನವಾಗಿ ನೀಡುವ ಉದಾರಿಗಳು ಅವುಗಳೊಡನೆ ವಿದ್ಯುತ್ ಹೋದಾಗ ಕೆಲನಿಮಿಷ ಆಸರೆಯಾಗುವ ಯುಪಿಎಸ್ ಸಾಧನವನ್ನೂ ಒದಗಿಸಿದರೆ, ಕ್ರಮವಾಗಿ ಮುಗಿಸುವ ಪಾಠವನ್ನು ಕಲಿಸುವುದಕ್ಕೆ ಅವಕಾಶವಾದರೂ ಉಂಟಾಗುತ್ತದೆ. ಈ ಶಾಲೆಗಳಿಂದ ಹೊರಟು ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳ ಹೊಣೆ ಇನ್ನೂ ಹಿರಿದು. ಬಳಸುವವರು ನಂಬಿ ನಡೆಯುವುದು ಅವರು ಬರೆಯುವ ಒಂದೊಂದು ಸಂದೇಶವನ್ನು. ಕೆಲಸ ಮುಗಿದಿದ್ದರೆ ಮುಗಿದಿದೆ ಎಂದೂ, ಮುಗಿದಿಲ್ಲವಾದರೆ ಕಾಯಿರಿ ಎಂದೂ ನೇರವಾಗಿ ನುಡಿಯುವುದು ಅವರ ಕಾಯಕದ ಭಾಗವೆಂದು ಎಣಿಸತಕ್ಕದ್ದು.